ಕಿರಿಯ ಅಂಕಣ, ಹಿರಿಯ ಮೈದಾನ: ಫುಟ್ಸಾಲ್ ಮತ್ತು ಎಳೆಯ ಕಾಲ್ಚೆಂಡಾಟಗಾರರ ಶಿಕ್ಷಣ

ಬ್ರೆಜಿಲ್ ದೇಶದ ಕಾಲ್ಚೆಂಡಾಟಗಾರರ ಕೌಶಲವನ್ನು ಕುರಿತು ಮಾತು ಬಂದಾಗಲೆಲ್ಲ ಒಂದು ಹೇಳಿಕೆ ಕೇಳಿಬರುತ್ತದೆ. ಆ ದೇಶದ ಪ್ರಸಿದ್ಧ ಆಟಗಾರರು ಬಾಲ್ಯದಲ್ಲಿ ಫುಟ್ಸಾಲ್ ಎಂಬ ಕಿರಿಯ ಅಂಕಣದ ಆಟವನ್ನು ಆಡಿ ಬೆಳೆದವರು. ಅವರ ಕಾಲಿನ ನಯಕ್ಕೆ ಅದೇ ಕಾರಣ. ಉಳಿದವರೂ ತಮ್ಮ ಮಕ್ಕಳಿಗೆ ಅದೇ ಆಟವನ್ನು ಕಲಿಸಿದರೆ ಅದೇ ಫಲ ದೊರೆಯುತ್ತದೆ ಎಂಬುದು ಆ ಹೇಳಿಕೆಯ ಸಾರ. ಹೇಳಿಕೆ ಚಿಕ್ಕದು, ಆದರೆ ಅದನ್ನು ನಂಬಿ ಹಲವು ದೇಶಗಳ ಕ್ರೀಡಾಸಂಸ್ಥೆಗಳು ಯೋಜನೆಗಳನ್ನು ರಚಿಸಿವೆ, ಹಣವನ್ನು ವೆಚ್ಚಮಾಡಿವೆ, ಮಕ್ಕಳ ವೇಳೆಯನ್ನು ವಿನಿಯೋಗಿಸಿವೆ. ಆದಕಾರಣ ಅದನ್ನು ಪರಿಶೀಲಿಸುವುದು ವ್ಯಾಯಾಮಶಿಕ್ಷಕರಿಗೆ ಮಾತ್ರ ಸಂಬಂಧಪಟ್ಟ ಕೆಲಸವಲ್ಲ. ಎರಡು ಸಂಗತಿಗಳು ಜೊತೆಯಾಗಿ ಕಂಡುಬಂದಾಗ ಒಂದು ಮತ್ತೊಂದಕ್ಕೆ ಕಾರಣವೆಂದು ಹೇಳಬಹುದೇ ಎಂಬುದು ಚರಿತ್ರೆಯ ವಿದ್ಯಾರ್ಥಿಗೆ ನಿತ್ಯದ ಪ್ರಶ್ನೆ. ಆ ಪ್ರಶ್ನೆಯನ್ನೇ ಹಿಡಿದು ಈ ಲೇಖನದಲ್ಲಿ ನಾವು ಫುಟ್ಸಾಲಿನ ಹುಟ್ಟನ್ನೂ, ಅದರ ನಿಯಮಗಳ ಗುಣವನ್ನೂ, ಅದರಿಂದ ಎಳೆಯ ಆಟಗಾರನಿಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನೂ ವಿಚಾರಮಾಡುತ್ತೇವೆ.

೧. ಆಟದ ಹುಟ್ಟು

ದಕ್ಷಿಣ ಅಮೆರಿಕದ ಉರುಗ್ವೆ ಒಂದು ಚಿಕ್ಕ ದೇಶ. ಆದರೆ ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಕಾಲ್ಚೆಂಡಾಟದಲ್ಲಿ ಅದಕ್ಕೆ ಸರಿಸಮಾನರಿರಲಿಲ್ಲ. ೧೯೨೪ ಮತ್ತು ೧೯೨೮ರ ಒಲಿಂಪಿಕ್ ಕ್ರೀಡೆಗಳಲ್ಲಿ ಅದು ಚಿನ್ನದ ಪದಕವನ್ನು ಪಡೆಯಿತು. ೧೯೩೦ರಲ್ಲಿ ಪ್ರಥಮ ವಿಶ್ವಕಪ್ ಪಂದ್ಯಾವಳಿ ಅದರ ರಾಜಧಾನಿಯಾದ ಮಾಂಟೆವಿಡಿಯೊ ನಗರದಲ್ಲಿಯೇ ನಡೆಯಿತು. ಜುಲೈ ೩೦ರಂದು ನಡೆದ ಅಂತಿಮ ಪಂದ್ಯದಲ್ಲಿ ಉರುಗ್ವೆ ಅರ್ಜೆಂಟೀನವನ್ನು ೪-೨ ಗೋಲುಗಳಿಂದ ಸೋಲಿಸಿತು. ಇಂತಹ ಕಾಲದಲ್ಲಿ ನಗರದ ಬಾಲಕರೆಲ್ಲರೂ ಚೆಂಡನ್ನು ಒದೆಯಬಯಸಿದುದು ಸಹಜವೇ. ಬಯಕೆಗೆ ತಕ್ಕ ಬಯಲು ಮಾತ್ರ ಇರಲಿಲ್ಲ.

ಮಾಂಟೆವಿಡಿಯೊ ನಗರದ ವೈ.ಎಂ.ಸಿ.ಎ. ಸಂಸ್ಥೆಯಲ್ಲಿ ಹ್ವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರಿದ್ದರು. ಸೂರಿನ ಕೆಳಗೆ, ಬಾಸ್ಕೆಟ್‌ಬಾಲ್ ಆಡುವಷ್ಟು ಜಾಗದಲ್ಲಿ, ಆಡಬಹುದಾದ ಕಾಲ್ಚೆಂಡಾಟವೊಂದನ್ನು ಅವರು ೧೯೩೦ರ ಸುಮಾರಿಗೆ ರೂಪಿಸಿದರು. ಅವರು ಆಟವನ್ನು ಶೂನ್ಯದಿಂದ ಸೃಷ್ಟಿಸಲಿಲ್ಲ. ಚೆಂಡನ್ನು ಕಾಲಿನಿಂದ ಆಡುವುದು ಕಾಲ್ಚೆಂಡಾಟದಿಂದ ಬಂದಿತು. ಪಕ್ಷಕ್ಕೆ ಐವರು ಎಂಬುದೂ ನಲವತ್ತು ನಿಮಿಷಗಳ ಅವಧಿಯೂ ಬಾಸ್ಕೆಟ್‌ಬಾಲಿನಿಂದ ಬಂದುವು. ಗೋಲಿನ ಮತ್ತು ಅಂಕಣದ ಅಳತೆ ಹ್ಯಾಂಡ್‌ಬಾಲಿನಿಂದ ಬಂದಿತು. ಗೋಲುರಕ್ಷಕನಿಗೆ ಸಂಬಂಧಿಸಿದ ಕೆಲವು ನಿಯಮಗಳಿಗೆ ನೀರಿನಲ್ಲಿ ಆಡುವ ವಾಟರ್ ಪೋಲೊ ಮಾದರಿಯಾಯಿತು. ಹೀಗೆ ಬೇರೆ ಬೇರೆ ಆಟಗಳ ಅಂಗಗಳನ್ನು ಕೂಡಿಸಿ ಹೊಸತೊಂದನ್ನು ಮಾಡುವುದು ಆ ಸಂಸ್ಥೆಯ ವ್ಯಾಯಾಮಶಿಕ್ಷಕರಿಗೆ ಅಪರಿಚಿತವಾಗಿರಲಿಲ್ಲ. ಬಾಸ್ಕೆಟ್‌ಬಾಲ್ ೧೮೯೧ರಲ್ಲಿಯೂ ವಾಲಿಬಾಲ್ ೧೮೯೫ರಲ್ಲಿಯೂ ಅಮೆರಿಕ ಸಂಯುಕ್ತ ಸಂಸ್ಥಾನದ ವೈ.ಎಂ.ಸಿ.ಎ. ಶಿಕ್ಷಕರ ಕೈಯಲ್ಲಿಯೇ ಹುಟ್ಟಿದುವು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಸೆರಿಯಾನಿಯವರ ಉದ್ದೇಶ ದೊಡ್ಡ ಮೈದಾನದ ಆಟಗಾರರನ್ನು ತಯಾರುಮಾಡುವುದಾಗಿರಲಿಲ್ಲ. ಬಾಲಕರಿಗೆ ಮಳೆಯಲ್ಲಿಯೂ ಚಳಿಯಲ್ಲಿಯೂ ಆಡಲು ಒಂದು ಆಟವನ್ನು ಒದಗಿಸುವುದಾಗಿತ್ತು. ಶಿಕ್ಷಣದ ಸಾಧನವೆಂಬ ಕೀರ್ತಿ ಆಟಕ್ಕೆ ಅನಂತರ ಬಂದುದು. ಸ್ಥಳಾಭಾವದಿಂದ ಹುಟ್ಟಿದ ನಿಯಮವೇ ಮುಂದೆ ಗುರುವಾಗಿ ಪರಿಣಮಿಸಿತು.

೨. ಬ್ರೆಜಿಲಿನಲ್ಲಿ ಬೇರೂರಿದ ಬಗೆ

ಆಟ ಉರುಗ್ವೆಯಲ್ಲಿ ಹುಟ್ಟಿತಾದರೂ ಹಬ್ಬಿ ಹರಡಿದುದು ಬ್ರೆಜಿಲಿನಲ್ಲಿ. ಅಲ್ಲಿಗೂ ಅದು ವೈ.ಎಂ.ಸಿ.ಎ. ಶಾಖೆಗಳ ಮೂಲಕವೇ ಬಂದಿತು. ಸಾವೊ ಪೌಲೊ ನಗರದ ಶಾಖೆಯಲ್ಲಿಯೇ ಆಟ ಮೊದಲು ಹುಟ್ಟಿತೆಂದು ವಾದಿಸುವ ಬ್ರೆಜಿಲಿಗರೂ ಇದ್ದಾರೆ. ಪೋರ್ಚುಗೀಸ್ ಭಾಷೆಯಲ್ಲಿ ಅದಕ್ಕೆ ‘ಫುಟೆಬೊಲ್ ಜಿ ಸಲಾವೊ’, ಎಂದರೆ ಹಜಾರದ ಕಾಲ್ಚೆಂಡಾಟ, ಎಂದು ಹೆಸರಾಯಿತು. ‘ಫುಟ್ಸಾಲ್’ ಎಂಬುದು ಈ ಹೆಸರನ್ನೂ ಇದಕ್ಕೆ ಸಮಾನವಾದ ಸ್ಪ್ಯಾನಿಷ್ ಹೆಸರನ್ನೂ ಸಂಕ್ಷೇಪಿಸಿ ಮಾಡಿದ ಪದ.

ಬ್ರೆಜಿಲಿನಲ್ಲಿ ಈ ಆಟ ಬೇರೂರಿದುದಕ್ಕೆ ನಗರಗಳ ಬೆಳವಣಿಗೆಯೇ ಮುಖ್ಯ ಕಾರಣಗಳಲ್ಲೊಂದು ಎಂದು ನಮಗೆ ತೋರುತ್ತದೆ. ಚಾರ್ಲ್ಸ್ ಮಿಲ್ಲರ್ ೧೮೯೪ರಲ್ಲಿ ಇಂಗ್ಲೆಂಡಿನಿಂದ ಚೆಂಡುಗಳನ್ನು ತಂದು, ಮರುವರ್ಷ ಸಾವೊ ಪೌಲೊ ನಗರದಲ್ಲಿ ಪಂದ್ಯವನ್ನು ಏರ್ಪಡಿಸಿದುದು ‘ವಾರ್ಜಿಯ’ ಎಂಬ ಬಯಲಿನಲ್ಲಿ. ವಾರ್ಜಿಯ ಎಂದರೆ ನೆರೆ ಬಂದಾಗ ನದಿ ಹರಡಿಕೊಳ್ಳುವ ತಗ್ಗುನೆಲ. ಆ ನಗರದ ನದಿಗಳ ದಡದಲ್ಲಿ ಇಂತಹ ಬಯಲುಗಳು ಹೇರಳವಾಗಿದ್ದುವು. ಕಾರ್ಮಿಕರ ಮಕ್ಕಳು ಚೆಂಡಾಟವನ್ನು ಕಲಿತುದು ಅಲ್ಲಿ. ಕಾಲಕ್ರಮದಲ್ಲಿ ನದಿಗಳನ್ನು ಕಾಲುವೆಗಳಾಗಿ ನೇರಗೊಳಿಸಲಾಯಿತು. ದಡಗಳಲ್ಲಿ ರಸ್ತೆಗಳೂ ಕಾರ್ಖಾನೆಗಳೂ ಎದ್ದುವು. ದೇಶದ ಒಟ್ಟು ಜನಸಂಖ್ಯೆಯಲ್ಲಿ ನಗರವಾಸಿಗಳು ೧೯೪೦ರಲ್ಲಿ ನೂರಕ್ಕೆ ಸುಮಾರು ೩೧ ಮಂದಿ ಇದ್ದರು. ೧೯೭೦ರ ವೇಳೆಗೆ ಅವರು ೫೬ ಮಂದಿಯಾದರು. ಬಯಲು ಕಿರಿದಾದಂತೆ ಆಟವೂ ಬೀದಿಗೆ, ಶಾಲೆಯ ಅಂಗಳಕ್ಕೆ, ಕ್ಲಬ್ಬುಗಳ ಸಿಮೆಂಟಿನ ಅಂಕಣಕ್ಕೆ ಸರಿಯಿತು. ಫುಟ್ಸಾಲಿನ ಆಡಳಿತಸಂಸ್ಥೆಗಳು ರಿಯೊ ಡಿ ಜನೈರೊ ನಗರದಲ್ಲಿ ೧೯೫೪ರಲ್ಲಿಯೂ ಸಾವೊ ಪೌಲೊ ನಗರದಲ್ಲಿ ೧೯೫೫ರಲ್ಲಿಯೂ ಸ್ಥಾಪಿತವಾದುವು. ಅಂತರರಾಷ್ಟ್ರೀಯ ಸಂಘವೊಂದು ೧೯೭೧ರಲ್ಲಿ ರೂಪುಗೊಂಡಿತು. ಅದು ನಡೆಸಿದ ಮೊದಲ ವಿಶ್ವಪಂದ್ಯಾವಳಿ ೧೯೮೨ರಲ್ಲಿ ಸಾವೊ ಪೌಲೊ ನಗರದಲ್ಲಿ ಜರುಗಿ ಬ್ರೆಜಿಲ್ ಗೆದ್ದಿತು. ಕಾಲ್ಚೆಂಡಾಟದ ವಿಶ್ವಸಂಸ್ಥೆಯಾದ ಫೀಫಾ ೧೯೮೯ರಲ್ಲಿ ನೆದರ್ಲೆಂಡ್ಸಿನಲ್ಲಿ ತನ್ನದೇ ವಿಶ್ವಪಂದ್ಯಾವಳಿಯನ್ನು ಆರಂಭಿಸಿತು. ೨೦೨೪ರವರೆಗೆ ನಡೆದ ಪುರುಷರ ಹತ್ತು ಪಂದ್ಯಾವಳಿಗಳಲ್ಲಿ ಆರನ್ನು ಬ್ರೆಜಿಲ್ ಗೆದ್ದಿದೆ.

೩. ನಿಯಮವೇ ಗುರು

ಈ ಆಟ ಎಳೆಯರಿಗೆ ಏನನ್ನು ಕಲಿಸುತ್ತದೆ ಎಂಬುದನ್ನು ತಿಳಿಯಬೇಕಾದರೆ ಅದರ ನಿಯಮಗಳನ್ನು ಒಂದೊಂದಾಗಿ ನೋಡಬೇಕು.

ಮೊದಲನೆಯದು ಸ್ಥಳ. ಅಂತರರಾಷ್ಟ್ರೀಯ ಕಾಲ್ಚೆಂಡಾಟದ ಮೈದಾನ ಸಾಮಾನ್ಯವಾಗಿ ೧೦೫ ಮೀಟರ್ ಉದ್ದ, ೬೮ ಮೀಟರ್ ಅಗಲ. ಅದನ್ನು ಇಪ್ಪತ್ತೆರಡು ಆಟಗಾರರಿಗೆ ಹಂಚಿದರೆ ತಲೆಗೆ ಸುಮಾರು ೩೨೪ ಚದರ ಮೀಟರ್ ಬರುತ್ತದೆ. ಫುಟ್ಸಾಲ್ ಅಂಕಣ ೪೦ ಮೀಟರ್ ಉದ್ದ, ೨೦ ಮೀಟರ್ ಅಗಲ; ಹತ್ತು ಆಟಗಾರರಿಗೆ ಹಂಚಿದರೆ ತಲೆಗೆ ೮೦ ಚದರ ಮೀಟರ್ ಮಾತ್ರ. ಎಂದರೆ ಚೆಂಡು ಕಾಲಿಗೆ ಬಂದವನಿಗೆ ದೊರೆಯುವ ಜಾಗ ನಾಲ್ಕನೆಯ ಒಂದು ಪಾಲು. ಎದುರಾಳಿ ಮೈಮೇಲೆ ಬರಲು ಬೇಕಾದ ವೇಳೆಯೂ ಅಷ್ಟೇ ಕಡಮೆ. ಇಲ್ಲಿ ಚೆಂಡು ಬಂದ ಮೇಲೆ ಯೋಚಿಸತೊಡಗುವವನು ಚೆಂಡನ್ನು ಕಳೆದುಕೊಳ್ಳುತ್ತಾನೆ. ಬರುವುದಕ್ಕೆ ಮುಂಚೆಯೇ ಸುತ್ತಲೂ ಕಣ್ಣಾಡಿಸಿ, ಯಾರಿಗೆ ಕೊಡಬೇಕೆಂಬುದನ್ನು ನಿಶ್ಚಯಿಸಿಕೊಂಡಿರಬೇಕು.

ಎರಡನೆಯದು ಸರದಿ. ಕಾಲ್ಚೆಂಡಾಟದ ತೊಂಬತ್ತು ನಿಮಿಷಗಳಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಅರುವತ್ತು ನಿಮಿಷಕ್ಕೆ ಮೀರದು. ಅದನ್ನು ಎಲ್ಲರಿಗೂ ಸಮವಾಗಿ ಹಂಚಿದರೂ ಒಬ್ಬೊಬ್ಬನ ಪಾಲಿಗೆ ಮೂರು ನಿಮಿಷವೂ ಬರುವುದಿಲ್ಲ. ಫುಟ್ಸಾಲಿನಲ್ಲಿ ಚೆಂಡು ಹೊರಗೆ ಹೋದಾಗ ಗಡಿಯಾರವನ್ನು ನಿಲ್ಲಿಸುತ್ತಾರೆ. ಆದುದರಿಂದ ನಲವತ್ತು ನಿಮಿಷಗಳೂ ಆಟದ ನಿಮಿಷಗಳೇ. ಹತ್ತು ಮಂದಿಗೆ ಹಂಚಿದರೆ ಒಬ್ಬನಿಗೆ ನಾಲ್ಕು ನಿಮಿಷ. ಆಟದ ಒಂದೊಂದು ನಿಮಿಷವನ್ನೇ ಲೆಕ್ಕ ಹಿಡಿದರೆ, ಕಿರಿಯ ಅಂಕಣದ ಹುಡುಗನಿಗೆ ಚೆಂಡು ಎರಡು ಪಟ್ಟಿಗೂ ಹೆಚ್ಚಾಗಿ ದೊರೆಯುತ್ತದೆ. ಇದು ಸರಾಸರಿಯ ಲೆಕ್ಕ. ದೊಡ್ಡ ಮೈದಾನದ ಮೂಲೆಯಲ್ಲಿ ನಿಂತು, ಬಲಶಾಲಿಗಳಾದ ಇಬ್ಬರು ಮೂವರು ಚೆಂಡನ್ನು ಒಯ್ಯುವುದನ್ನೇ ನೋಡುತ್ತ ಅರ್ಧ ಗಂಟೆ ಕಳೆದ ಹುಡುಗನ ಅನುಭವ ಸರಾಸರಿಗಿಂತಲೂ ಕಠಿನ. ಐವರ ಪಕ್ಷದಲ್ಲಿ ಯಾರೂ ಹಾಗೆ ಮರೆಯಾಗಿ ನಿಲ್ಲಲಾಗುವುದಿಲ್ಲ. ದುರ್ಬಲನ ಕಾಲಿಗೂ ಚೆಂಡು ಬರಲೇಬೇಕು.

ಮೂರನೆಯದು ಚೆಂಡು. ಹಿಂದಿನ ಕಾಲದಲ್ಲಿ ಅದು ಪುಟಿಯಬಾರದೆಂದು ಒಳಗೆ ಕುದುರೆಯ ಕೂದಲನ್ನೋ ಬೆಂಡನ್ನೋ ಮರದ ಹೊಟ್ಟನ್ನೋ ತುಂಬುತ್ತಿದ್ದರು. ಬ್ರೆಜಿಲಿಗರು ಈ ಆಟವನ್ನು ಭಾರದ ಚೆಂಡಿನ ಆಟವೆಂದೇ ಕರೆದರು. ಈಗಿನ ಚೆಂಡಿನ ಸುತ್ತಳತೆ ೬೨ರಿಂದ ೬೪ ಸೆಂಟಿಮೀಟರ್, ತೂಕ ೪೦೦ರಿಂದ ೪೪೦ ಗ್ರಾಮ್. ಎರಡು ಮೀಟರ್ ಎತ್ತರದಿಂದ ಬಿಟ್ಟಾಗ ಅದು ೬೫ ಸೆಂಟಿಮೀಟರಿಗಿಂತ ಹೆಚ್ಚು ಪುಟಿಯಬಾರದು. ಸಾಮಾನ್ಯ ಕಾಲ್ಚೆಂಡು ಇದಕ್ಕಿಂತ ಬಹಳ ಎತ್ತರಕ್ಕೆ ಪುಟಿಯುತ್ತದೆ. ಪುಟಿಯದ ಚೆಂಡು ನೆಲಕ್ಕಂಟಿ ಉರುಳುತ್ತದೆ. ಅದನ್ನು ಅಂಗಾಲಿನಿಂದ ಅದುಮಿ ನಿಲ್ಲಿಸಬಹುದು, ಹಿಂದಕ್ಕೆಳೆಯಬಹುದು, ಪಕ್ಕಕ್ಕೆ ಹೊರಳಿಸಬಹುದು. ಅತ್ತಿತ್ತ ಹಾರುವ ಚೆಂಡನ್ನು ಹತೋಟಿಗೆ ತರುವುದರಲ್ಲಿಯೇ ಎಳೆಯನ ಗಮನವೆಲ್ಲ ವ್ಯಯವಾಗುತ್ತದೆ. ಅಡಗಿ ಉರುಳುವ ಚೆಂಡಾದರೆ ಅವನು ತಲೆಯೆತ್ತಿ ಆಟವನ್ನು ನೋಡಬಲ್ಲನು.

ನಾಲ್ಕನೆಯದು ಕಾಲದ ಕಟ್ಟಳೆ. ಪಕ್ಕದ ಗೆರೆಯಿಂದಾಗಲಿ ಮೂಲೆಯಿಂದಾಗಲಿ ಚೆಂಡನ್ನು ಮತ್ತೆ ಆಟಕ್ಕೆ ಒದೆಯಬೇಕಾದವನು ನಾಲ್ಕು ಸೆಕೆಂಡುಗಳೊಳಗೆ ಒದೆಯಬೇಕು. ತನ್ನ ಅರ್ಧದಲ್ಲಿ ಗೋಲುರಕ್ಷಕನೂ ನಾಲ್ಕು ಸೆಕೆಂಡಿಗಿಂತ ಹೆಚ್ಚು ಕಾಲ ಚೆಂಡನ್ನು ಇಟ್ಟುಕೊಳ್ಳುವಂತಿಲ್ಲ. ಬದಲಿ ಆಟಗಾರರು ಆಟ ನಡೆಯುತ್ತಿರುವಾಗಲೇ ಎಷ್ಟು ಬಾರಿಯಾದರೂ ಒಳಗೆ ಬಂದು ಹೋಗಬಹುದಾದುದರಿಂದ ದಣಿವಿನ ನೆಪದಿಂದ ವೇಗ ತಗ್ಗುವುದಿಲ್ಲ. ಒಂದು ಅರ್ಧಾವಧಿಯಲ್ಲಿ ಒಂದು ಪಕ್ಷದ ತಪ್ಪುಗಳು ಐದನ್ನು ಮೀರಿದರೆ ಎದುರು ಪಕ್ಷಕ್ಕೆ ಅಡ್ಡಗೋಡೆಯಿಲ್ಲದ ನೇರ ಒದೆತ ದೊರೆಯುತ್ತದೆ. ಆದಕಾರಣ ಮೈಬಲದಿಂದ ಎದುರಾಳಿಯನ್ನು ಕೆಡವುವವನಿಗಿಂತ ಸರಿಯಾದ ಸ್ಥಳದಲ್ಲಿ ನಿಂತು ದಾರಿ ತಡೆಯುವವನಿಗೆ ಬೆಲೆ ಹೆಚ್ಚು. ಮೇಲಾಗಿ ಆಟಗಾರರು ಒಂದೇ ಸ್ಥಾನಕ್ಕೆ ಅಂಟಿಕೊಂಡಿರುವುದಿಲ್ಲ. ಸುತ್ತಿ ಸುತ್ತಿ ಸ್ಥಾನಗಳನ್ನು ಬದಲಿಸುತ್ತಾರೆ. ಒಬ್ಬನೇ ಹುಡುಗ ಕ್ಷಣಾರ್ಧದಲ್ಲಿ ದಾಳಿಗಾರನೂ ಮರುಕ್ಷಣದಲ್ಲಿ ರಕ್ಷಕನೂ ಆಗುತ್ತಾನೆ.

ಈ ನಿಯಮಗಳ ಫಲಿತಾಂಶವೇನೆಂದರೆ, ತರಬೇತುದಾರನು ಬಾಯಲ್ಲಿ ಹೇಳಿ ಕಲಿಸಬೇಕಾದುದನ್ನು ಅಂಕಣವೇ ಕಲಿಸುತ್ತದೆ. ‘ತಲೆಯೆತ್ತಿ ನೋಡು, ಬೇಗ ಕೊಡು, ಕೊಟ್ಟು ಜಾಗ ಬದಲಿಸು’ ಎಂದು ನೂರು ಸಲ ಕೂಗುವ ಬದಲು, ಹಾಗೆ ಮಾಡದವನು ಆಡಲಾರದಂತಹ ಸನ್ನಿವೇಶವನ್ನೇ ನಿರ್ಮಿಸಿದಂತಾಗುತ್ತದೆ. ಫುಟ್ಸಾಲಿನ ನಿಜವಾದ ಗುಣ ಇದೇ.

೪. ಜೀವನಚರಿತ್ರೆಗಳ ಸಾಕ್ಷ್ಯ

ಇನ್ನು ಪ್ರಸಿದ್ಧ ಆಟಗಾರರ ಉದಾಹರಣೆಗಳನ್ನು ನೋಡೋಣ. ಪೆಲೆ ಬಾವುರು ಎಂಬ ಊರಿನಲ್ಲಿ ಬೆಳೆಯುತ್ತಿದ್ದಾಗ ಅಲ್ಲಿಗೆ ಫುಟ್ಸಾಲ್ ಹೊಸದಾಗಿ ಬಂದಿತು. ಹದಿನಾಲ್ಕರ ಸುಮಾರಿನ ಹುಡುಗನಾಗಿ ದೊಡ್ಡವರೊಡನೆ ಅದನ್ನು ಆಡಿದುದನ್ನೂ, ಅದರಿಂದ ಬೇಗ ಯೋಚಿಸುವ ಅಭ್ಯಾಸವೂ ಧೈರ್ಯವೂ ಬಂದುದನ್ನೂ ಅವರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಝೀಕೊ ರಿಯೊ ನಗರದ ಹೊರವಲಯದಲ್ಲಿ ಬಾಲ್ಯದಲ್ಲಿ ಫುಟ್ಸಾಲ್ ಆಡಿದರು. ೧೯೭೬ರಲ್ಲಿ ಹುಟ್ಟಿದ ರೊನಾಲ್ಡೊ ಅದೇ ನಗರದ ಸೋಷಿಯಲ್ ರಾಮೋಸ್ ಎಂಬ ಕ್ಲಬ್ಬಿನ ಅಂಕಣದಲ್ಲಿ ಆಡಿದರು. ರೊನಾಲ್ಡಿನ್ಯೊ, ನೇಮಾರ್ ಇವರ ಬಾಲ್ಯವೂ ಅಂಥದೇ. ೨೦೦೨ರ ವಿಶ್ವಕಪ್ಪಿನ ಉಪಾಂತ್ಯ ಪಂದ್ಯದಲ್ಲಿ ರೊನಾಲ್ಡೊ ತುರ್ಕಿಯ ವಿರುದ್ಧ ಹೊಡೆದ ಏಕೈಕ ಗೋಲನ್ನು ಇಲ್ಲಿ ನೆನೆಯಬಹುದು. ಕಾಲನ್ನು ಹಿಂದಕ್ಕೆ ಬೀಸದೆ, ಓಟದ ನಡುವೆಯೇ, ಬೆರಳ ತುದಿಯಿಂದ ಚುಚ್ಚಿದಂತೆ ಒದ್ದ ಒದೆತವದು. ಬೀಸಲು ಸ್ಥಳವಿಲ್ಲದ ಅಂಕಣದಲ್ಲಿ ಬಳಕೆಗೆ ಬಂದ ಒದೆತವೂ ಇದೇ.

ಇಷ್ಟನ್ನು ನೋಡಿದವರು ವಾದ ಸಿದ್ಧವಾಯಿತೆಂದುಕೊಳ್ಳಬಹುದು. ಆದರೆ ಇಲ್ಲಿಯೇ ನಾವು ಎಚ್ಚರವಹಿಸಬೇಕು. ಗೆದ್ದವರ ಬಾಲ್ಯವನ್ನು ನಾವು ಬಲ್ಲೆವು. ಅದೇ ಅಂಕಣದಲ್ಲಿ ಆಡಿ ಹೆಸರಿಲ್ಲದೆ ಹೋದ ಲಕ್ಷಾಂತರ ಮಕ್ಕಳ ಕಥೆಯನ್ನು ಯಾರೂ ಬರೆದಿಡಲಿಲ್ಲ. ಬಹುಮಂದಿ ಹುಡುಗರು ಫುಟ್ಸಾಲ್ ಆಡುವ ದೇಶದಲ್ಲಿ ಶ್ರೇಷ್ಠ ಆಟಗಾರರೂ ಫುಟ್ಸಾಲ್ ಆಡಿರುವುದು ಆಶ್ಚರ್ಯವಲ್ಲ. ಅದೂ ಅಲ್ಲದೆ, ಮೇಲೆ ಹೆಸರಿಸಿದವರಲ್ಲಿ ಮತ್ತೊಂದು ಸಮಾನಗುಣವಿದೆ. ಪೆಲೆಯ ತಂದೆ ಕಾಲ್ಚೆಂಡಾಟಗಾರರು. ಝೀಕೊನ ಅಣ್ಣಂದಿರು ಆಟಗಾರರು. ರೊನಾಲ್ಡಿನ್ಯೊನ ಅಣ್ಣ ವೃತ್ತಿಪರ ಆಟಗಾರ. ನೇಮಾರನ ತಂದೆಯೂ ಹಾಗೆಯೇ. ಮನೆಯಲ್ಲಿಯೇ ಗುರುವಿದ್ದುದು ಕಾರಣವೋ, ಅಂಕಣ ಕಾರಣವೋ? ಪೆಲೆಗಂತೂ ಬೀದಿಯ ಬರಿಗಾಲಿನ ಆಟವಿತ್ತು. ೧೯೩೪ರ ವಿಶ್ವಕಪ್ಪಿನಲ್ಲಿ ಆಡಿದ್ದ ವಾಲ್ದೆಮಾರ್ ಜಿ ಬ್ರಿಟೊ ಅವರಂತಹ ಶಿಕ್ಷಕರೂ ಇದ್ದರು. ಹಲವು ಹೊಳೆಗಳು ಕೂಡಿದ ನದಿಗೆ ಒಂದೇ ಮೂಲವನ್ನು ಹೇಳುವುದು ಸಲ್ಲದು.

ದೇಶಗಳನ್ನು ಹೋಲಿಸಿದರೂ ಇದೇ ಪಾಠ ದೊರೆಯುತ್ತದೆ. ಇರಾನ್ ಏಷ್ಯಾ ಖಂಡದ ಫುಟ್ಸಾಲ್ ಪ್ರಶಸ್ತಿಯನ್ನು ೨೦೨೪ರವರೆಗೆ ಹದಿಮೂರು ಬಾರಿ ಗೆದ್ದಿತು. ೨೦೧೬ರ ವಿಶ್ವಪಂದ್ಯಾವಳಿಯಲ್ಲಿ ಮೂರನೆಯ ಸ್ಥಾನವನ್ನೂ ಪಡೆಯಿತು. ಆದರೂ ಕಾಲ್ಚೆಂಡಾಟದ ವಿಶ್ವಕಪ್ಪಿನಲ್ಲಿ ೨೦೨೨ರವರೆಗೆ ಅದು ಮೊದಲ ಸುತ್ತನ್ನು ದಾಟಲಿಲ್ಲ. ಜರ್ಮನಿ ೧೯೫೪, ೧೯೭೪, ೧೯೯೦ ಮತ್ತು ೨೦೧೪ರಲ್ಲಿ ವಿಶ್ವಕಪ್ಪನ್ನು ಗೆದ್ದಿತು. ಅದರ ರಾಷ್ಟ್ರೀಯ ಫುಟ್ಸಾಲ್ ತಂಡ ಮೊದಲ ಪಂದ್ಯವನ್ನಾಡಿದುದು ೨೦೧೬ರಲ್ಲಿ, ನಾಲ್ಕೂ ಕಪ್ಪುಗಳು ಬಂದ ಮೇಲೆ. ಫುಟ್ಸಾಲಿನ ಬಲವೊಂದರಿಂದಲೇ ಕಾಲ್ಚೆಂಡಾಟದ ಹಿರಿಮೆ ಬರುವುದಿಲ್ಲ. ಅದಿಲ್ಲದೆಯೂ ಆ ಹಿರಿಮೆ ಬಂದುದುಂಟು.

ವ್ಯಕ್ತಿಗಳಲ್ಲಿಯೂ ಇದಕ್ಕೆ ನಿದರ್ಶನವಿದೆ. ಫಾಲ್ಕಾವೊ ಎಂದು ಪ್ರಸಿದ್ಧರಾದ ಅಲೆಸ್ಸಾಂಡ್ರೊ ರೋಜ ವಿಯೆಯ್ರ ಫುಟ್ಸಾಲಿನ ಸರ್ವಶ್ರೇಷ್ಠ ಆಟಗಾರರಲ್ಲೊಬ್ಬರು. ೨೦೦೫ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ಅವರು ಸಾವೊ ಪೌಲೊ ಕ್ಲಬ್ಬಿನ ಕಾಲ್ಚೆಂಡು ತಂಡವನ್ನು ಸೇರಿದರು. ಕೆಲವೇ ತಿಂಗಳುಗಳಲ್ಲಿ ಮತ್ತೆ ಫುಟ್ಸಾಲಿಗೆ ಮರಳಿದರು. ಇದಕ್ಕೆ ಪ್ರತಿಯಾಗಿ ಫ್ರಾನ್ಸಿನ ವಿಸ್ಸಾಮ್ ಬೆನ್ ಯೆಡ್ಡರ್ ಮತ್ತು ಇಂಗ್ಲೆಂಡಿನ ಮ್ಯಾಕ್ಸ್ ಕಿಲ್‌ಮನ್ ತಮ್ಮ ದೇಶಗಳ ಫುಟ್ಸಾಲ್ ತಂಡಗಳಲ್ಲಿ ಆಡಿ, ಅನಂತರ ಕಾಲ್ಚೆಂಡಾಟದ ಉನ್ನತ ಶ್ರೇಣಿಯನ್ನು ಮುಟ್ಟಿದರು. ಇವರಿಬ್ಬರೂ ಫುಟ್ಸಾಲ್ ಆಡುತ್ತಿದ್ದ ಕಾಲದಲ್ಲಿ ದೊಡ್ಡ ಮೈದಾನವನ್ನು ಬಿಟ್ಟಿರಲಿಲ್ಲ ಎಂಬುದು ಗಮನಾರ್ಹ.

೫. ಏನು ದಾಟುತ್ತದೆ, ಏನು ದಾಟುವುದಿಲ್ಲ

ಒಂದು ಆಟದಲ್ಲಿ ಕಲಿತುದು ಮತ್ತೊಂದಕ್ಕೆ ದಾಟುವುದೇ ಎಂಬುದನ್ನು ಕುರಿತು ಪ್ರಯೋಗಗಳೂ ನಡೆದಿವೆ. ಆಸ್ಟ್ರೇಲಿಯದಲ್ಲಿ ಲುಕಾ ಒಪ್ಪಿಚಿ ಮತ್ತು ಸಂಗಡಿಗರು ೨೦೧೭ರಿಂದೀಚೆಗೆ ಪ್ರಕಟಿಸಿದ ಅಧ್ಯಯನಗಳಲ್ಲಿ ಫುಟ್ಸಾಲ್ ಆಟಗಾರರನ್ನು ಕಾಲ್ಚೆಂಡಾಟದ ಸನ್ನಿವೇಶದಲ್ಲಿಯೂ, ಕಾಲ್ಚೆಂಡಾಟಗಾರರನ್ನು ಫುಟ್ಸಾಲ್ ಸನ್ನಿವೇಶದಲ್ಲಿಯೂ ಆಡಿಸಿ ನೋಡಿದರು. ಚೆಂಡನ್ನು ಜೊತೆಗಾರನಿಗೆ ದಾಟಿಸುವ ಕೌಶಲ ಫುಟ್ಸಾಲಿನಿಂದ ಕಾಲ್ಚೆಂಡಾಟಕ್ಕೆ ಹೆಚ್ಚು ಸುಲಭವಾಗಿ ವರ್ಗವಾಗುತ್ತದೆ. ವಿರುದ್ಧ ದಿಕ್ಕಿನಲ್ಲಿ ಅಷ್ಟು ಸುಲಭವಲ್ಲ ಎಂಬುದು ಅವರ ನಿರ್ಣಯ. ಇಕ್ಕಟ್ಟಿನಲ್ಲಿ ನೋಡಲು ಕಲಿತ ಕಣ್ಣು ವಿಶಾಲದಲ್ಲಿ ನಿರಾಯಾಸವಾಗಿ ನೋಡುತ್ತದೆ ಎಂದು ನಾವು ಇದನ್ನು ಅರ್ಥಮಾಡಿಕೊಳ್ಳಬಹುದು.

ಆದರೆ ದಾಟದಿರುವುದೂ ಬಹಳವಿದೆ. ಫುಟ್ಸಾಲಿನಲ್ಲಿ ಆಫ್‌ಸೈಡ್ ನಿಯಮವೇ ಇಲ್ಲ. ಕಾಲ್ಚೆಂಡಾಟದಲ್ಲಿಯಾದರೋ ದಾಳಿ ರಕ್ಷಣೆಗಳೆರಡೂ ಆ ಗೆರೆಯ ಸುತ್ತಲೇ ಹೆಣೆದುಕೊಂಡಿವೆ. ಎತ್ತರದಲ್ಲಿ ಬರುವ ಚೆಂಡನ್ನು ತಲೆಯಿಂದ ಹೊಡೆಯುವುದು, ನಲವತ್ತು ಐವತ್ತು ಮೀಟರ್ ದೂರಕ್ಕೆ ಚೆಂಡನ್ನು ಕಳುಹಿಸುವುದು, ತೆರೆದ ಬಯಲಿನಲ್ಲಿ ದೀರ್ಘವಾಗಿ ಓಡುವುದು, ಗಾಳಿಯನ್ನೂ ಹಸಿ ಹುಲ್ಲನ್ನೂ ಲೆಕ್ಕಿಸುವುದು ಇವಾವುವೂ ಚಾವಣಿಯ ಕೆಳಗೆ ಬರುವುದಿಲ್ಲ. ಗೋಲುರಕ್ಷಕನ ಕೆಲಸವಂತೂ ತೀರ ಬೇರೆ: ಫುಟ್ಸಾಲಿನ ಗೋಲು ೩ ಮೀಟರ್ ಅಗಲ, ೨ ಮೀಟರ್ ಎತ್ತರ, ಕಾಲ್ಚೆಂಡಾಟದ ಗೋಲು ೭.೩೨ ಮೀಟರ್ ಅಗಲ, ೨.೪೪ ಮೀಟರ್ ಎತ್ತರ. ಕಿರಿಯ ಗೋಲನ್ನು ಮೈಹರಡಿ ಮುಚ್ಚುವವನು ಹಿರಿಯ ಗೋಲಿನಲ್ಲಿ ಹಾರಲು ಕಲಿಯಬೇಕು. ಆದಕಾರಣ ಫುಟ್ಸಾಲ್ ಕಾಲ್ಚೆಂಡಾಟದ ಅಕ್ಷರಾಭ್ಯಾಸವಾಗಬಹುದು. ಕಾವ್ಯಾಭ್ಯಾಸವನ್ನು ಮೈದಾನದಲ್ಲಿಯೇ ಮಾಡಬೇಕು.

೬. ಅಂಕಣಕ್ಕೆ ಯಾರಿಗೆ ಪ್ರವೇಶ?

ಫುಟ್ಸಾಲಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಅಧ್ಯಾಯವೊಂದಿದೆ. ಬ್ರೆಜಿಲ್ ಸರ್ಕಾರ ೧೯೪೧ರಲ್ಲಿ ಹೊರಡಿಸಿದ ಆಜ್ಞೆಯೊಂದು ಸ್ತ್ರೀಯರ ಪ್ರಕೃತಿಗೆ ಹೊಂದದ ಕ್ರೀಡೆಗಳನ್ನು ಅವರು ಆಡಕೂಡದೆಂದು ವಿಧಿಸಿತು. ೧೯೬೫ರಲ್ಲಿ ರಾಷ್ಟ್ರೀಯ ಕ್ರೀಡಾಮಂಡಲಿ ಅಂತಹ ಕ್ರೀಡೆಗಳ ಹೆಸರುಗಳನ್ನು ಸ್ಪಷ್ಟವಾಗಿ ಪಟ್ಟಿಮಾಡಿತು. ಆ ಪಟ್ಟಿಯಲ್ಲಿ ಕಾಲ್ಚೆಂಡಾಟದ ಜೊತೆಗೆ ಫುಟ್ಸಾಲೂ ಸೇರಿತ್ತು. ನಿಷೇಧ ತೆಗೆದುದು ೧೯೭೯ರಲ್ಲಿ. ಎಂದರೆ ಪೆಲೆ ಬಾವುರು ಊರಿನಲ್ಲಿ ಆಡುತ್ತಿದ್ದ ದಿನಗಳಲ್ಲಿ ಅವರ ನೆರೆಮನೆಯ ಹುಡುಗಿಗೆ ಅದೇ ಅಂಕಣಕ್ಕೆ ಕಾಲಿಡುವ ಹಕ್ಕಿರಲಿಲ್ಲ. ಮೂರುವರೆ ದಶಕಗಳಿಗೂ ಮೀರಿದ ಕಾಲ, ಆ ದೇಶದ ಅರ್ಧದಷ್ಟು ಮಕ್ಕಳು ನಾವು ಮೇಲೆ ಹೊಗಳಿದ ಗುರುವಿನಿಂದ ದೂರವಿರಿಸಲ್ಪಟ್ಟರು. ಫೀಫಾ ನಡೆಸುವ ಮಹಿಳೆಯರ ಮೊದಲ ಫುಟ್ಸಾಲ್ ವಿಶ್ವಪಂದ್ಯಾವಳಿ ಫಿಲಿಪ್ಪೀನ್ಸಿನಲ್ಲಿ ಜರುಗಿದುದು ೨೦೨೫ರಲ್ಲಿ. ಪುರುಷರ ಮೊದಲ ಪಂದ್ಯಾವಳಿಯಾದ ಮೂವತ್ತಾರು ವರ್ಷಗಳ ಮೇಲೆ.

ಈ ಸಂಗತಿಯನ್ನು ನಾವು ಕೇವಲ ವಿಷಾದಕ್ಕಾಗಿ ಹೇಳುತ್ತಿಲ್ಲ. ನಮ್ಮ ಪ್ರಶ್ನೆಗೆ ಇದು ನೇರವಾಗಿ ಸಂಬಂಧಿಸಿದೆ. ಅಂಕಣವಿತ್ತು, ಚೆಂಡಿತ್ತು, ನಿಯಮಗಳಿದ್ದುವು. ಆದರೂ ಪ್ರವೇಶವಿಲ್ಲದವರ ಪಾಲಿಗೆ ಅವೆಲ್ಲವೂ ವ್ಯರ್ಥವಾದುವು. ಕೌಶಲವನ್ನು ಬೆಳೆಸುವುದು ಆಟದ ಸ್ವರೂಪವೊಂದೇ ಅಲ್ಲ. ಯಾರು, ಎಷ್ಟು ಕಾಲ, ಯಾವ ನಿರ್ಭಯದಿಂದ ಆಡಬಹುದು ಎಂಬುದೂ ಹೌದು.

೭. ಶಿಕ್ಷಕರಿಗೆ ದೊರೆಯುವ ಪಾಠ

ಇಷ್ಟು ವಿಚಾರದಿಂದ ಕೆಲವು ಪ್ರಯೋಜನಕರವಾದ ನಿರ್ಣಯಗಳು ಹೊರಡುತ್ತವೆ.

ಮೊದಲನೆಯದಾಗಿ, ಫುಟ್ಸಾಲಿಗೆ ತಕ್ಕ ವಯಸ್ಸು ಬಾಲ್ಯ. ಬ್ರೆಜಿಲಿನಲ್ಲಿ ಎಷ್ಟೋ ಮಕ್ಕಳು ಮೊದಲು ಅಂಕಣದಲ್ಲಿ ಆಡಿ, ಹನ್ನೆರಡು ಹದಿನಾಲ್ಕರ ಪ್ರಾಯದಲ್ಲಿ ಎರಡನ್ನೂ ಆಡುತ್ತ, ಕ್ರಮವಾಗಿ ಹುಲ್ಲಿನ ಮೈದಾನಕ್ಕೆ ಸಾಗುತ್ತಾರೆ. ಎಂಟು ವರ್ಷದ ಮಗುವನ್ನು ನೂರು ಮೀಟರಿನ ಮೈದಾನದಲ್ಲಿ ಓಡಿಸುವುದು ಹೇಗೆ ಅನುಚಿತವೋ, ಹದಿನೇಳರ ಯುವಕನನ್ನು ಅಂಕಣದಲ್ಲಿಯೇ ಕೂಡಿಹಾಕುವುದೂ ಹಾಗೆಯೇ ಅನುಚಿತ.

ಎರಡನೆಯದಾಗಿ, ಅಂಕಣವೇ ಗುರುವಾದಾಗ ಮನುಷ್ಯಗುರು ಸ್ವಲ್ಪ ಮೌನವಾಗಿರಬೇಕು. ಪ್ರತಿಯೊಂದು ಹೆಜ್ಜೆಗೂ ಸೀಟಿಯೂದಿ ಆಟವನ್ನು ನಿಲ್ಲಿಸಿದರೆ, ಹುಡುಗ ತಾನೇ ನೋಡಿ ನಿರ್ಧರಿಸುವ ಅಭ್ಯಾಸ ಕುಂಠಿತವಾಗುತ್ತದೆ. ಬ್ರೆಜಿಲಿನ ಬೀದಿಯಲ್ಲಿಯೂ ಅಂಗಳದಲ್ಲಿಯೂ ಮಕ್ಕಳು ಆಡಿದುದು ಬಹುಪಾಲು ತಮ್ಮಷ್ಟಕ್ಕೆ ತಾವೇ. ಆ ಸ್ವಾತಂತ್ರ್ಯವನ್ನು ಬಿಟ್ಟು ಅಂಕಣದ ಅಳತೆಯನ್ನು ಮಾತ್ರ ಆಮದು ಮಾಡಿಕೊಂಡರೆ ತಿರುಳನ್ನು ಬಿಟ್ಟು ಸಿಪ್ಪೆಯನ್ನು ತಂದಂತಾಗುತ್ತದೆ.

ಮೂರನೆಯದಾಗಿ, ಶೀಘ್ರಫಲದ ಆಸೆ ಕೂಡದು. ಇಂಗ್ಲೆಂಡಿನ ಕಾಲ್ಚೆಂಡು ಸಂಸ್ಥೆ ೨೦೧೮ರಲ್ಲಿ ಫುಟ್ಸಾಲನ್ನು ಬೆಳೆಸುವ ವಿಸ್ತಾರವಾದ ಯೋಜನೆಯನ್ನು ಪ್ರಕಟಿಸಿತು. ಸಾಂಕ್ರಾಮಿಕ ರೋಗದಿಂದ ಆದಾಯ ಕುಗ್ಗಿದ ೨೦೨೦ರಲ್ಲಿ ರಾಷ್ಟ್ರೀಯ ತಂಡಕ್ಕೆ ಕೊಡುತ್ತಿದ್ದ ಹಣವನ್ನು ಕಡಿದುಹಾಕಿತು. ಎರಡು ವರ್ಷಗಳಲ್ಲಿ ಬಿತ್ತಿ ಬೆಳೆಯುವ ಫಸಲಲ್ಲ ಇದು.

ನಾಲ್ಕನೆಯದಾಗಿ, ಇದಕ್ಕೆ ಅಪಾರವಾದ ವೆಚ್ಚ ಬೇಕಿಲ್ಲ. ಸೆರಿಯಾನಿ ಹ್ಯಾಂಡ್‌ಬಾಲಿನಿಂದ ಅಳತೆಗಳನ್ನು ತೆಗೆದುಕೊಂಡರೆಂದು ಮೇಲೆ ಹೇಳಿದೆವಷ್ಟೆ. ಇಂದಿಗೂ ಹ್ಯಾಂಡ್‌ಬಾಲ್ ಅಂಕಣ ೪೦ ಮೀಟರ್ ಉದ್ದ, ೨೦ ಮೀಟರ್ ಅಗಲವೇ. ಅದರ ಗೋಲೂ ೩ ಮೀಟರ್ ಅಗಲ, ೨ ಮೀಟರ್ ಎತ್ತರವೇ. ಗಟ್ಟಿನೆಲದ ಹ್ಯಾಂಡ್‌ಬಾಲ್ ಅಂಕಣವಿರುವ ಯಾವ ಕಾಲೇಜಿನಲ್ಲಾದರೂ ಫುಟ್ಸಾಲ್ ಅಂಕಣ ಆಗಲೇ ಇದೆಯೆಂದರೆ ಸಲ್ಲುತ್ತದೆ. ಗೆರೆಗಳನ್ನು ತಿದ್ದಿ, ಪುಟಿಯದ ಚೆಂಡನ್ನು ಕೊಂಡರೆ ಸಾಕು.

ಕೊನೆಯ ಮಾತು ನಮ್ಮ ನಾಡಿನ ಮಕ್ಕಳಿಗೆ ಸಂಬಂಧಿಸಿದುದು. ಬೆಂಗಳೂರಿನ ಗೌತಮಪುರ ಬಹುಕಾಲದಿಂದ ಕಾಲ್ಚೆಂಡಾಟದ ಬಡಾವಣೆ. ಅಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಅದೇ ನಗರದಲ್ಲಿ ಬಯಲುಗಳು ಕಿರಿದಾಗಿ, ಗಂಟೆಗಿಷ್ಟು ಎಂದು ಬಾಡಿಗೆ ತೆರುವ, ಬಲೆ ಕಟ್ಟಿದ ಕೃತಕ ಹುಲ್ಲಿನ ಅಂಕಣಗಳು ಎಲ್ಲೆಲ್ಲಿಯೂ ಎದ್ದಿವೆ. ಇವುಗಳಲ್ಲಿ ಆಡುವ ಆಟ ಫುಟ್ಸಾಲಿಗೆ ಹತ್ತಿರವಾದರೂ ಅದೇ ಅಲ್ಲ. ಪುಟಿಯುವ ಚೆಂಡೂ, ಹೊರಗೆ ಹೋಗಗೊಡದ ಬಲೆಯೂ ಬೇರೆ ಅಭ್ಯಾಸಗಳನ್ನು ಕಲಿಸುತ್ತವೆ. ಅದಕ್ಕಿಂತ ಮುಖ್ಯವಾದುದು, ಬಾಡಿಗೆ ತೆರಲಾರದ ಹುಡುಗ ಬಲೆಯ ಹೊರಗೆ ನಿಂತು ನೋಡುತ್ತಾನೆ ಎಂಬ ಸಂಗತಿ. ಸಾವೊ ಪೌಲೊ ನಗರದ ನದೀತೀರದ ಬಯಲುಗಳು ಮರೆಯಾದಾಗ ಶಾಲೆಯ ಅಂಗಳವೂ ಕ್ಲಬ್ಬಿನ ಅಂಕಣವೂ ಅಲ್ಲಿನ ಬಾಲಕರಿಗೆ ಒದಗಿದುವು. ಬಾಲಕಿಯರನ್ನು ಕಾನೂನು ಹೊರಗಿಟ್ಟಿತು. ಕಾನೂನು ಮಾಡಿದ ಕೆಲಸವನ್ನು ಹಣವೂ ಮಾಡಬಲ್ಲದು.

ಫುಟ್ಸಾಲ್ ಒಂದು ಒಳ್ಳೆಯ ಗುರು. ಆದರೆ ಅದು ಬ್ರೆಜಿಲನ್ನು ಸೃಷ್ಟಿಸಿದ ಮಂತ್ರವಲ್ಲ. ಅದು ಕೊಡುವುದು ಚೆಂಡಿನ ಸಾಮೀಪ್ಯವನ್ನೂ, ಬೇಗ ನೋಡಿ ನಿರ್ಧರಿಸುವ ಅಭ್ಯಾಸವನ್ನೂ, ದುರ್ಬಲನಿಗೂ ಒಂದು ಸರದಿಯನ್ನು. ಉಳಿದುದನ್ನು ಮೈದಾನವೂ ಮನೆಯೂ ಕಾಲವೂ ಕೊಡಬೇಕು. ಇಷ್ಟನ್ನು ತಿಳಿದು ಅಂಕಣದ ಬಾಗಿಲನ್ನು ಎಲ್ಲ ಮಕ್ಕಳಿಗೂ ತೆರೆದಿಟ್ಟರೆ, ಅವರಲ್ಲಿ ಒಬ್ಬ ಪೆಲೆ ಹುಟ್ಟದಿದ್ದರೂ ನೂರು ಮಂದಿ ಚೆನ್ನಾಗಿ ಆಡಬಲ್ಲವರಾದಾರು.